ಫಾಂಟಾನಾ ಹಿನ್ನೀರಿನಾಚೆಯ ಸಮಾಧಿಗಳು

ಗೆಳೆಯಾ,

ನೀನು ಶರಾವತಿ ಮುಳುಗಡೆಯ ಮನೆತನದವನು. ಅದಕ್ಕೇ ಇದನ್ನು ನಿನಗೇ ಬರೆಯಬೇಕು ಅನ್ನಿಸಿತು.

ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಗ್ರೇಟ್ ಸ್ಮೋಕಿ ಬೆಟ್ಟಗಳ ಬುಡದಲ್ಲಿ ಫಾಂಟಾನಾ ಅಣೆಕಟ್ಟಿದೆ. 480 ಅಡಿ ಎತ್ತರ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿದ್ಯುತ್ತು ಬೇಕು ಅಂತ ತರಾತುರಿಯಲ್ಲಿ ಕಟ್ಟಿದ್ದು. ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಒಕ್ಕಲೆಬ್ಬಿಸಿದರು. ಉತ್ತರ ದಂಡೆಯ ಗುಡ್ಡಗಳ ಮೇಲಿನ ಎಷ್ಟೋ ಸ್ಮಶಾನಗಳು ಮುಳುಗಲಿಲ್ಲ, ಅವಕ್ಕೆ ಹೋಗುವ ದಾರಿ ಮುಳುಗಿತು. ಯುದ್ಧ ಮುಗಿದ ಮೇಲೆ ಹೊಸ ರಸ್ತೆ ಮಾಡಿಕೊಡುತ್ತೇವೆ ಅಂತ 1943ರಲ್ಲಿ ಸರ್ಕಾರ ಕರಾರು ಬರೆದುಕೊಟ್ಟಿತ್ತು. ಆರೇಳು ಮೈಲಿಯಾಯಿತು, ಒಂದು ಸುರಂಗವೂ ಆಯಿತು. ಆಮೇಲೆ, ಒಡೆದ ಬಂಡೆಯಿಂದ ಆಮ್ಲ ಒಸರಿ ಹಳ್ಳ ಸೇರುತ್ತದೆ ಅಂತ 1970ರ ದಶಕದಲ್ಲಿ ಕೆಲಸ ನಿಂತೇಹೋಯಿತು. ಸುರಂಗ ದಾಟಿದರೆ ಬರೀ ಕಾಡು. 'ಎಲ್ಲಿಗೂ ಹೋಗದ ರಸ್ತೆ' ಅಂತಲೇ ಜನ ಅದನ್ನು ಕರೆಯೋದು.

ಬೇಸಿಗೆಯಲ್ಲಿ ಆ ಒಕ್ಕಲೆದ್ದ ಮನೆತನಗಳವರು 'ಡೆಕೊರೇಷನ್ ಡೇ' ಮಾಡುತ್ತಾರೆ, ಅಂದರೆ ಹಿರಿಯರ ಸಮಾಧಿಗಳನ್ನು ಶುಚಿಮಾಡಿ ಸಿಂಗರಿಸುವ ದಿನ. ರಾಷ್ಟ್ರೀಯ ಉದ್ಯಾನದವರು ದೋಣಿಯಲ್ಲಿ ಹಿನ್ನೀರು ದಾಟಿಸುತ್ತಾರೆ. ಸಹೋದ್ಯೋಗಿಯೊಬ್ಬರ ಕುಟುಂಬದ ಜೊತೆ ನಾನೂ ಹೇಜಲ್ ಕ್ರೀಕ್ ಕಡೆಗೆ ಹೋಗಿದ್ದೆ. ಅವರ ಅಜ್ಜಿ ಕೋಲೂರಿಕೊಂಡೇ ಆ ಕಡಿದಾದ ಏರು ಹತ್ತಿದರು. ಮೇಲೆ ಗಂಡಸರು ಕಳೆ ಕಿತ್ತು, ಮಳೆಗೆ ಜರಿದ ಮಣ್ಣನ್ನು ಮತ್ತೆ ಎಳೆದು ಒಂದೊಂದು ಸಮಾಧಿಗೂ ದಿಬ್ಬ ಕಟ್ಟಿದರು. ಮಕ್ಕಳು ಬಟ್ಟೆಯ ಹೂ ಸಿಕ್ಕಿಸಿದರು. ಕೆಲವಕ್ಕೆ ಹೆಸರೇ ಇಲ್ಲ, ತಲೆಯ ಕಡೆ ಒಂದು ಕಾಡುಗಲ್ಲು ನೆಟ್ಟಿದೆ ಅಷ್ಟೆ. ಅಜ್ಜಿ ಅಂಥ ಕಲ್ಲುಗಳ ಮುಂದೆ ನಿಂತು, ಇದು ಯಾರ ಮಗು, ಯಾವ ಜ್ವರಕ್ಕೆ ಹೋಯಿತು ಅಂತ ಹೇಳುತ್ತ ಹೋದರು. ಮೊಮ್ಮಗಳು ಬರೆದುಕೊಂಡಳು. ಪ್ರಾರ್ಥನೆಯಾದ ಮೇಲೆ ಅಲ್ಲೇ ಮರದಡಿ ಎಲ್ಲರಿಗೂ ಊಟ, ನನಗೂ ಬಲವಂತ ಮಾಡಿ ಬಡಿಸಿದರು.

2010ರಲ್ಲಿ, ರಸ್ತೆಯ ಬದಲು ಸ್ವೇನ್ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) 5.2 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು. ಅಂಥ ದಟ್ಟ ಕಾಡಿನಲ್ಲಿ ರಸ್ತೆ ಬೇಡ ಅನ್ನುವವರ ಮಾತಲ್ಲೂ ಹುರುಳಿದೆ, ಒಪ್ಪುತ್ತೇನೆ. ಆದರೂ ದುಡ್ಡು ಹೋದದ್ದು ಕೌಂಟಿಯ ಲೆಕ್ಕಕ್ಕೆ, ಕಾಯುತ್ತಿದ್ದವರು ಈ ಅಜ್ಜಿಯಂಥವರು. ನನಗಿದು ನ್ಯಾಯ ಅನ್ನಿಸಲಿಲ್ಲ.

ಮೇ ತಿಂಗಳಲ್ಲಿ ಊರಿಗೆ ಬರುತ್ತೇನೆ. ಲಿಂಗನಮಕ್ಕಿ ನೀರು ಇಳಿದು ಹಿರೇಭಾಸ್ಕರದ ಹಳೇ ಅಣೆಕಟ್ಟು ಕಾಣುವ ಹಾಗಿದ್ದರೆ ನಿನ್ನ ದೊಡ್ಡಮ್ಮನನ್ನೂ ಕರೆದುಕೊಂಡು ಹೋಗೋಣ. ಯಾರ ಮನೆ, ಯಾರ ತೋಟ ಎಲ್ಲಿತ್ತು ಅಂತ ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳಬೇಕು. ಈಗಲೇ ಅವರಿಗೆ ಹೇಳಿಟ್ಟಿರು.

ನಿನ್ನ ಗೆಳೆಯ