ಕರೆಂಟ್ ಹೋದರೂ ಸಂಪ್ ತುಂಬಿ ಹರಿಯಬಾರದು: ನಮ್ಮ ಜೋಡಣೆಯಲ್ಲಿ ಒಂದು ಬದಲಾವಣೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳ ಒಂದನೇ ತಾರೀಕಿನಿಂದ ನಾವು ಕೆಳಗೆ ಸಂಪ್ ಎಂಬ ಫಿಲ್ಟರ್ ತೊಟ್ಟಿ ಇರುವ ಅಕ್ವೇರಿಯಂ ಜೋಡಿಸುವ ರೀತಿ ಬದಲಾಗುತ್ತದೆ. ಸಂಪ್ ದೊಡ್ಡದಾಗುತ್ತದೆ, ಕೆಲಸಕ್ಕೆ ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಬೆಲೆಯೂ ಒಂದಿಷ್ಟು ಏರುತ್ತದೆ. ಈಗಾಗಲೇ ನಮ್ಮಿಂದ ಜೋಡಿಸಿಕೊಂಡವರ ಮನೆಗೂ ಒಮ್ಮೆ ಬಂದು ಸರಿಪಡಿಸಿ ಹೋಗುತ್ತೇವೆ, ಅದಕ್ಕೆ ದುಡ್ಡಿಲ್ಲ. ಯಾಕೆ ದುಡ್ಡಿಲ್ಲ ಎಂದರೆ, ತಪ್ಪು ನಮ್ಮದು.

ಕಳೆದ ಮಳೆಗಾಲದ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಎರಡನೇ ಮಹಡಿಯ ಮನೆ, ಎಂಟು ತಿಂಗಳ ಹಿಂದೆ ನಾವೇ ಕೂರಿಸಿದ್ದ ನಾಲ್ಕು ಅಡಿಯ ಟ್ಯಾಂಕ್. ಮನೆಯವರು ಮಲಗಿದ್ದರು. ನಸುಕಿನಲ್ಲಿ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದಾಗಲೇ ಅವರಿಗೆ ಗೊತ್ತಾದದ್ದು. ಹಾಲ್ ತುಂಬಾ ನೀರು, ಸ್ಟ್ಯಾಂಡಿನ ಪ್ಲೈವುಡ್ ಆಗಲೇ ಉಬ್ಬಿತ್ತು, ಕೆಳಗಿನ ಮನೆಯ ಸೀಲಿಂಗ್ ತೊಟ್ಟಿಕ್ಕುತ್ತಿತ್ತು. ಮೀನುಗಳಿಗೆ ಏನೂ ಆಗಿರಲಿಲ್ಲ. ಅವು ಕಡಿಮೆಯಾದ ನೀರಿನಲ್ಲಿ ಆರಾಮವಾಗಿ ಈಜಾಡಿಕೊಂಡಿದ್ದವು.

ಸಂಪ್ ಎಂದರೆ ನಮ್ಮ ಊರಿನವರಿಗೆಲ್ಲ ಮನೆ ಮುಂದೆ ನೆಲದೊಳಗಿರುವ ನೀರಿನ ತೊಟ್ಟಿಯೇ ನೆನಪಾಗುತ್ತದೆ. ಅಂಗಡಿಗೆ ಬಂದು "ಮೀನಿಗೂ ಸಂಪ್ ಕಟ್ಟಿಸಬೇಕಾ?" ಎಂದು ಕೇಳಿದವರಿದ್ದಾರೆ. ನಾವು ಹೇಳುತ್ತಿರುವುದು ಟ್ಯಾಂಕಿನ ಕೆಳಗೆ ಪೆಟ್ಟಿಗೆಯೊಳಗೆ ಕೂರುವ ಗಾಜಿನ ತೊಟ್ಟಿ. ಮೇಲಿನ ನೀರು ಬಾಚಣಿಗೆಯಂಥ ಹಲ್ಲುಗಳನ್ನು ದಾಟಿ ಪೈಪಿನಲ್ಲಿ ಇದಕ್ಕೆ ಇಳಿಯುತ್ತದೆ, ಸ್ಪಂಜು, ಫಿಲ್ಟರ್ ಮೀಡಿಯಾ ಎಲ್ಲ ಹಾದು ಕೊನೆಯ ಖಾನೆಗೆ ಬರುತ್ತದೆ, ಅಲ್ಲಿಂದ ರಿಟರ್ನ್ ಪಂಪು ಮತ್ತೆ ಮೇಲಕ್ಕೆ ದಬ್ಬುತ್ತದೆ.

ಪಂಪು ನಿಂತಾಗ ಎರಡು ಸಂಗತಿ ನಡೆಯುತ್ತವೆ. ಬಾಚಣಿಗೆಯ ಹಲ್ಲಿಗಿಂತ ಮೇಲಿರುವ ನೀರೆಲ್ಲ ಕೆಳಗಿಳಿಯುತ್ತದೆ. ಅದು ಒಂದಿಂಚಿನ ಮಾತು, ಅದಕ್ಕೆ ಹೆದರಬೇಕಿಲ್ಲ. ಎರಡನೆಯದೇ ಮನೆಗೆ ನೀರು ನುಗ್ಗಿಸುವುದು. ನೀರನ್ನು ಮೇಲೇರಿಸುತ್ತಿದ್ದ ಪೈಪೇ ಈಗ ಅದನ್ನು ಕೆಳಕ್ಕೆ ಎಳೆಯತೊಡಗುತ್ತದೆ. ಡ್ರಮ್ಮಿಗೆ ಪೈಪು ಇಳಿಬಿಟ್ಟು ಬಾಯಲ್ಲಿ ಒಮ್ಮೆ ಎಳೆದು ಬಕೆಟ್ಟಿಗೆ ನೀರು ಬಿಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅದೇ ಸೈಫನ್. ಪೈಪಿನ ಮೇಲ್ತುದಿಗೆ ಗಾಳಿ ಸಿಗುವ ತನಕ ಅದು ನಿಲ್ಲುವುದಿಲ್ಲ.

ಆ ಮನೆಯಲ್ಲಿ ನಾವು ಪೈಪಿನ ಬಾಯನ್ನು ನೀರಿನ ಮಟ್ಟಕ್ಕಿಂತ 5 ಇಂಚು ಕೆಳಗೆ ಇಟ್ಟಿದ್ದೆವು. ನೋಡಲು ಚೆನ್ನಾಗಿತ್ತು, ಸದ್ದೂ ಇರಲಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿ ಒಂದಿಂಚು ನೀರೆಂದರೆ ಸುಮಾರು 14 ಲೀಟರ್. 5 ಇಂಚಿಗೆ 70 ಲೀಟರ್. ಕೆಳಗಿದ್ದದ್ದು 24 ಇಂಚು ಉದ್ದ, 12 ಇಂಚು ಅಗಲದ ಸಂಪ್. ಅದರಲ್ಲಿ ಖಾಲಿ ಇದ್ದದ್ದು ಮೇಲಿನ 6 ಇಂಚು, ಅಂದರೆ 28 ಲೀಟರಿನ ಜಾಗ. ಉಳಿದ 42 ಲೀಟರ್ ಎಲ್ಲಿಗೆ ಹೋಗಬೇಕು? ಈ ಲೆಕ್ಕವನ್ನು ನಾವು ಕೂರಿಸುವ ದಿನವೇ ಮಾಡಬಹುದಿತ್ತು. ಮಾಡಲಿಲ್ಲ, ಏಕೆಂದರೆ ಚೆಕ್ ವಾಲ್ವ್ ಹಾಕಿದ್ದೆವು.

ಪ್ಲಂಬರುಗಳು ಎನ್‌ಆರ್‌ವಿ ಎನ್ನುತ್ತಾರಲ್ಲ, ಅದೇ. ನೀರು ಮೇಲೆ ಹೋಗಲು ಬಿಟ್ಟು, ವಾಪಸ್ ಬರಲು ಬಿಡದ ಬಾಗಿಲು. ಬಿಚ್ಚಿ ನೋಡಿದರೆ ಆ ಬಾಗಿಲ ಸಂದಿಯಲ್ಲಿ ಕಡಲೆಬೇಳೆಯಷ್ಟಿದ್ದ ಒಂದು ಬಸವನಹುಳು ಸಿಕ್ಕಿಕೊಂಡಿತ್ತು. ಬಸವನಹುಳು ಅಲ್ಲದಿದ್ದರೆ ಪಾಚಿ, ಪಾಚಿ ಅಲ್ಲದಿದ್ದರೆ ಮರಳಿನ ಕಣ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಂತೂ ಗೀಸರಿನೊಳಗೆ ಕಟ್ಟುವಂಥದೇ ಬಿಳಿ ಪದರ ಅಲ್ಲೂ ಕಟ್ಟುತ್ತದೆ. ಹೊಸತರಲ್ಲಿ ವಾಲ್ವ್ ಚೆನ್ನಾಗಿಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಯಾರೂ ಅದನ್ನು ತೆಗೆದು ತೊಳೆಯುವುದಿಲ್ಲ, ನಾವೂ ತೊಳೆದಿರಲಿಲ್ಲ. ಹಾಗಾಗಿ ಇನ್ನು ಮುಂದೆ ಅದನ್ನು ನಂಬಿ ಅಳತೆ ಹಾಕುವುದಿಲ್ಲ. ಬೇಕೇ ಬೇಕು ಎಂದವರಿಗೆ ಹಾಕಿಕೊಡುತ್ತೇವೆ, ಆದರೆ ಅದು ಇಲ್ಲವೆಂದೇ ಲೆಕ್ಕ.

ಹೊಸ ಜೋಡಣೆಯಲ್ಲಿ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದೂವರೆ ಇಂಚಿಗಿಂತ ಕೆಳಗಿರುವುದಿಲ್ಲ. ನೀರಿನ ಮಟ್ಟದಿಂದ ಅರ್ಧ ಇಂಚು ಕೆಳಗೆ ಅದೇ ಪೈಪಿಗೆ 4 ಮಿಲಿಮೀಟರಿನ ಎರಡು ತೂತು ಕೊರೆಯುತ್ತೇವೆ. ನೀರು ಅಷ್ಟು ಇಳಿದ ಕೂಡಲೇ ತೂತು ಗಾಳಿ ಎಳೆದುಕೊಂಡು ಸೈಫನ್ ಮುರಿಯುತ್ತದೆ. ತೂತು ಪಾಚಿಯಿಂದ ಮುಚ್ಚಿಹೋಗಿದ್ದರೂ ಒಂದೂವರೆ ಇಂಚಿಗೆ ಪೈಪಿನ ಬಾಯೇ ಹೊರಬೀಳುತ್ತದೆ. ಹೆಚ್ಚೆಂದರೆ 21 ಲೀಟರ್ ಕೆಳಗಿಳಿದೀತು. ನಾಲ್ಕು ಅಡಿಯ ಟ್ಯಾಂಕಿಗೆ ಇನ್ನು ಕೊಡುವ ಸಂಪ್ 30 ಇಂಚು ಉದ್ದ, 14 ಇಂಚು ಅಗಲ, 16 ಇಂಚು ಎತ್ತರದ್ದು. 9 ಇಂಚಿನಲ್ಲಿ ನೀರು ಓಡುತ್ತಿದ್ದರೆ ಮೇಲೆ 48 ಲೀಟರಿನ ಜಾಗ ಖಾಲಿ ಇರುತ್ತದೆ. ಬೇಕಾದ್ದರ ಎರಡು ಪಟ್ಟಿಗೂ ಹೆಚ್ಚು.

ಆ 9 ಇಂಚಿನ ಜಾಗದಲ್ಲಿ ಗಾಜಿನ ಹೊರಗೆ ಕೆಂಪು ಪಟ್ಟಿ ಅಂಟಿಸಿರುತ್ತೇವೆ. ದಯವಿಟ್ಟು ಪಂಪು ಓಡುತ್ತಿರುವಾಗ ಅದನ್ನು ಮೀರಿ ನೀರು ತುಂಬಬೇಡಿ. ನೀರು ಆರುವುದು ಮೇಲಿನ ಟ್ಯಾಂಕಿನಲ್ಲಾದರೂ ಮಟ್ಟ ಇಳಿಯುವುದು ಪಂಪಿನ ಖಾನೆಯಲ್ಲಿ ಮಾತ್ರ. ಇಳಿದಾಗ ಪಂಪು ಗೊರಗೊರ ಅನ್ನುತ್ತದೆ. "ಪದೇ ಪದೇ ಯಾಕೆ ಹಾಕಬೇಕು" ಎಂದು ಒಮ್ಮೆಲೇ ಬಾಯಿಮಟ್ಟ ತುಂಬಿಸಿಬಿಟ್ಟರೆ ನಾವು ಬಿಟ್ಟ ಖಾಲಿ ಜಾಗಕ್ಕೆ ಅರ್ಥವಿರುವುದಿಲ್ಲ.

ಪಂಪಿನ ಖಾನೆ ಇಷ್ಟು ಚಿಕ್ಕದೇಕೆ, ಎರಡು ಮೂರು ದಿನಕ್ಕೊಮ್ಮೆ ನೀರು ಹಾಕಬೇಕಾಗುತ್ತದೆ ಎಂದು ಕೆಲವರ ದೂರು. ಅದು ಬೇಕೆಂದೇ ಚಿಕ್ಕದು. ಕೆಳಗಿಳಿಯುವ ಪೈಪಿಗೆ ಎಲೆಯೋ ಮೀನೋ ಸಿಕ್ಕಿಕೊಂಡು ಕಟ್ಟಿದರೆ, ಪಂಪು ಮಾತ್ರ ನೀರನ್ನು ಮೇಲೆ ದಬ್ಬುತ್ತಲೇ ಇರುತ್ತದೆ. ಆಗ ತುಂಬಿ ಹರಿಯುವುದು ಮೇಲಿನ ಟ್ಯಾಂಕು. ಖಾನೆಯಲ್ಲಿರುವುದು 16 ಲೀಟರಿನಷ್ಟು, ಮೇಲೆ ಬಿಟ್ಟಿರುವ ಒಂದೂವರೆ ಇಂಚಿನ ಅಂಚಿಗೆ 21 ಲೀಟರ್ ಹಿಡಿಯುತ್ತದೆ. ನೆಲ ಒದ್ದೆಯಾಗುವ ಮೊದಲೇ ಪಂಪಿಗೆ ನೀರು ಮುಗಿಯುತ್ತದೆ. ಇಷ್ಟಾಗಿಯೂ ಇಳಿಯುವುದಕ್ಕೆ ಎರಡನೇ ಪೈಪೊಂದನ್ನು ಇನ್ನು ಎಲ್ಲ ಟ್ಯಾಂಕಿಗೂ ಹಾಕುತ್ತೇವೆ. ಮಾಮೂಲು ದಿನಗಳಲ್ಲಿ ಅದು ಒಣಗಿರುತ್ತದೆ. ಅದರಲ್ಲಿ ಜಳಜಳ ಸದ್ದು ಬಂದರೆ ಮೊದಲನೆಯದು ಕಟ್ಟಿದೆ ಎಂದು ತಿಳಿಯಿರಿ.

ನೀರಿಳಿಯುವ ಪೈಪಿಗಾಗಿ ಗಾಜಿಗೆ ತೂತು ಕೊರೆಯದ ಟ್ಯಾಂಕಿಗೆ ಅಂಚಿನ ಮೇಲೆ ನೇತುಹಾಕುವ, ಯು ಆಕಾರದ ಕೊಳವೆಯ ಓವರ್‌ಫ್ಲೋ ಡಬ್ಬಿಗಳನ್ನು ಇನ್ನು ನಾವು ಮಾರುವುದಿಲ್ಲ. ಕರೆಂಟ್ ಹೋಗಿ ಬರುವಷ್ಟರಲ್ಲಿ ಕೊಳವೆಗೆ ಗಾಳಿ ಸೇರಿಕೊಂಡರೆ ಇಳಿಯುವ ದಾರಿ ಬಂದ್, ಏರುವ ದಾರಿ ಮಾತ್ರ ಚಾಲೂ. ಇರುವ ಟ್ಯಾಂಕು ಸಾದಾ ಗಾಜಿನದಾದರೆ ನೀರು ಖಾಲಿ ಮಾಡಿ ತೂತು ಕೊರೆದು ಕೊಡುತ್ತೇವೆ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜನ್ನು ಕೊರೆಯಲು ಹೋದರೆ ಪುಡಿಪುಡಿಯಾಗುತ್ತದೆ, ಅಂಥದ್ದಕ್ಕೆ ಸಂಪ್ ಯೋಚನೆ ಬಿಟ್ಟು ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಹಾಕಿಸಿ.

"ಮನೆಯಲ್ಲಿ ಯುಪಿಎಸ್ ಇದೆ, ನಮಗೇಕೆ ಇದೆಲ್ಲ?" ಎನ್ನುವವರೂ ಇದ್ದಾರೆ. ಬ್ಯಾಟರಿ ಮುಗಿಯುತ್ತದೆ, ಪಂಪು ಕೆಡುತ್ತದೆ, ಕೆಲಸದವರು ಪ್ಲಗ್ ಕಿತ್ತು ಮಿಕ್ಸಿ ಹಾಕುತ್ತಾರೆ. ಯುಪಿಎಸ್ ಮೀನಿನ ಉಸಿರಿಗೆ ಒಳ್ಳೆಯದು, ನೆಲಕ್ಕೆ ಅದರಿಂದ ಕಾವಲಿಲ್ಲ.

ಕೂರಿಸಿದ ದಿನ ನಿಮ್ಮೆದುರೇ ಮೂರು ಸಲ ಸ್ವಿಚ್ ಆರಿಸುತ್ತೇವೆ. ಪ್ರತಿ ಸಲವೂ ನೀರು ಪೂರ್ತಿ ನಿಲ್ಲುವವರೆಗೆ ಕಾದು, ಮತ್ತೆ ಹಾಕಿ, ಮೇಲೆ ಕೆಳಗೆ ಎರಡೂ ಕಡೆ ನೋಡುತ್ತೇವೆ. ಒಂದು ಸಲ ಪೈಪಿನ ತೂತುಗಳಿಗೆ ಟೇಪು ಸುತ್ತಿ ನೋಡುವುದೂ ಇದೆ. ಇದು ಮುಗಿದ ಮೇಲೆಯೇ ಬಾಕಿ ಹಣ ಕೊಡಿ. ನಾಲ್ಕು ಅಡಿಯ ಸೆಟ್ಟಿಗೆ 2,200 ರೂಪಾಯಿ ಹೆಚ್ಚಾಗುತ್ತದೆ. ಅದರಲ್ಲಿ ಬಹುಪಾಲು ಗಾಜಿಗೂ ಎರಡನೇ ಪೈಪಿಗೂ ಹೋಗುತ್ತದೆ.

ಹಳೆಯ ಗ್ರಾಹಕರು ನಾವು ಬರುವ ತನಕ ಕಾಯುವುದು ಬೇಡ. ಹಗಲು ಹೊತ್ತಿನಲ್ಲಿ ಸಂಪ್ ಪಕ್ಕ ಬಕೆಟ್ ಇಟ್ಟುಕೊಂಡು ಪಂಪಿನ ಸ್ವಿಚ್ ಆರಿಸಿ ನೋಡಿ. ನೀರು ಅಂಚಿಗೆ ಎರಡು ಇಂಚು ಇರುವಾಗಲೂ ಏರುತ್ತಲೇ ಇದ್ದರೆ ಮತ್ತೆ ಪಂಪು ಹಾಕಿ, ಸಂಪಿನಿಂದ ಒಂದೆರಡು ಬಕೆಟ್ ನೀರು ತೆಗೆದುಬಿಡಿ, ನಮಗೆ ಫೋನ್ ಮಾಡಿ. ಪೈಪಿಗೆ ತೂತು ಇರುವವರು ಗಾಜಿನ ಪಾಚಿ ಉಜ್ಜುವಾಗ ಹಲ್ಲುಕಡ್ಡಿಯಿಂದ ಅದನ್ನೂ ಒಮ್ಮೆ ಚುಚ್ಚಿ. ಪೆಟ್ಟಿಗೆಯೊಳಗೆ ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಬಿದ್ದಿದ್ದರೆ ಇವತ್ತೇ ಮೇಲೆತ್ತಿ ಗೋಡೆಗೆ ಹೊಡೆಸಿ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತಿರಲಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಮನೆ ಭೇಟಿ ಸೋಮವಾರದಿಂದ ಶುಕ್ರವಾರದವರೆಗೆ, ಮಹಡಿ ಮನೆಗಳು ಮೊದಲು. ಒಂದು ಗಂಟೆ ಸಾಕು. ಒಂದು ಹಳೆಯ ಟವೆಲ್ ತೆಗೆದಿಟ್ಟಿರಿ, ಡ್ರಿಲ್ ನಾವೇ ತರುತ್ತೇವೆ.

ಇಂತಿ,
ನಿಮ್ಮ ಅಕ್ವೇರಿಯಂ ಅಂಗಡಿಯವರು