ನಿಮ್ಮಪ್ಪ ನೋಡಬೇಕಾದ ಹಡಗು

ಪ್ರೀತಿಯ ಗೆಳೆಯಾ,

ಹೆಲ್ಸಿಂಕಿಯಿಂದ ಬರೆಯುತ್ತಿದ್ದೇನೆ. ರಾತ್ರಿ ಹತ್ತೂವರೆ ಆಗಿದೆ. ದೀಪ ಹಾಕದೆ ಬರೆಯುವಷ್ಟು ಬೆಳಕು ಕಿಟಕಿಯಲ್ಲಿ ಇನ್ನೂ ಇದೆ. ಜೂನ್‌ನಲ್ಲಿ ಇಲ್ಲಿ ಕತ್ತಲೆಂದರೆ ಇಷ್ಟೇ.

"ಒಬ್ಬನೇ ಹೋಗ್ತೀಯಾ, ಬೇಜಾರಾಗಲ್ವಾ?" ಅಂತ ನೀನು ಕೇಳಿದ್ದೆ. ಆಯಿತು, ಸುಳ್ಳು ಹೇಳಲ್ಲ. ಊಟದ ಹೊತ್ತಿಗೆ ಜಾಸ್ತಿ. ಕೋಪನ್‌ಹೇಗನ್‌ನ ನ್ಯುಹಾವ್ನ್ ಕಾಲುವೆ ಪಕ್ಕ ಬಣ್ಣಬಣ್ಣದ ಮನೆಗಳಿವೆ, ಅವುಗಳ ಎದುರು ಎಲ್ಲರೂ ಗುಂಪುಗುಂಪಾಗಿ ಕೂತಿದ್ದರು. ನಾನು ಬ್ರೆಡ್ ಕಟ್ಟಿಸಿಕೊಂಡು ನಡೆಯುತ್ತಲೇ ತಿಂದೆ. ಮತ್ಸ್ಯಕನ್ಯೆಯ ಪ್ರತಿಮೆ ನೋಡಿದೆ. ಒಂದೂಕಾಲು ಮೀಟರ್ ಎತ್ತರವಷ್ಟೇ, ಐದು ನಿಮಿಷ ಸಾಕಾಯಿತು.

ಓಸ್ಲೋದಲ್ಲಿ ಮನಸ್ಸು ಹಗುರಾಯಿತು. ಅಲ್ಲಿನ ಒಪೆರಾ ಹೌಸ್‌ನ ಬಿಳಿ ಕಲ್ಲಿನ ಛಾವಣಿ ನೀರಿನ ಅಂಚಿನಿಂದಲೇ ಇಳಿಜಾರಾಗಿ ಮೇಲೇರುತ್ತದೆ. ಯಾರು ಬೇಕಾದರೂ ಹತ್ತಬಹುದು, ದುಡ್ಡು ಕೊಡಬೇಕಿಲ್ಲ. ಸಂಜೆಯಿಡೀ ಸುಮ್ನೆ ಕೂತಿದ್ದೆ. ಒಬ್ಬನೇ ಬಂದವನನ್ನು ಯಾರೂ ತಿರುಗಿ ನೋಡಲಿಲ್ಲ.

ಆದರೆ ಈ ಪತ್ರ ಬರೆಯಲು ಕೂತದ್ದು ಸ್ಟಾಕ್‌ಹೋಮ್‌ಗಾಗಿ. ಅಲ್ಲಿ ವಾಸಾ ಅಂತ ಒಂದು ಹಡಗಿದೆ. ಅದರ ಎದುರು ನಿಂತಾಗ ನನಗೆ ನೆನಪಾದದ್ದು ನಿಮ್ಮಪ್ಪ. ಗಂಗೊಳ್ಳಿಯಲ್ಲಿ ದೋಣಿಯ ಹಲಗೆ ಮೇಲೆ ಬೆರಳಿನಿಂದ ಬಡಿದು, ಒಳಗೆ ಹುಳು ಹೊಕ್ಕಿದೆಯೋ ಇಲ್ಲವೋ ಹೇಳುತ್ತಿದ್ದರಲ್ಲ, ಆ ನಿಮ್ಮಪ್ಪ.

ಅದು ಸ್ವೀಡನ್ನಿನ ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಯುದ್ಧನೌಕೆ. ಓಕ್ ಮರದ್ದು, 64 ಫಿರಂಗಿ. 1628ರ ಆಗಸ್ಟ್ 10ರಂದು ಮೊದಲ ಸಲ ಹೊರಟಿತು. 1300 ಮೀಟರ್ ಹೋಗಿದ್ದೇ ತಡ, ಗಾಳಿಗೆ ವಾಲಿ, ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ದಡದಲ್ಲಿ ಜನ ನೋಡುತ್ತಿದ್ದರು. ಮೇಲ್ಭಾಗದ ಭಾರ ಜಾಸ್ತಿ, ತಳದ ಭಾರ ಕಮ್ಮಿ. ಅದು ಮೊದಲೇ ಗೊತ್ತಾಗಿತ್ತು! ಹೊರಡುವ ಮುಂಚೆ 30 ಜನರನ್ನು ಹಡಗಿನ ಡೆಕ್ಕಿನ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ನೋಡಿದ್ದರು. ಹಡಗು ತೂಗಾಡಿದ ರೀತಿಗೆ ಹೆದರಿ ಓಟ ನಿಲ್ಲಿಸಿದರು. ಆದರೂ ಹಡಗು ಹೊರಟಿತು. ರಾಜನಿಗೆ ಅವಸರವಿತ್ತು. ಇದನ್ನು ಓದಿ ನನಗೆ ಸಂಕಟವಾಯಿತು.

ಒಳಗೆ ಬಡಗಿಗಳ ನಾಲ್ಕು ಅಳತೆಕೋಲು ಸಿಕ್ಕಿವೆ. ಎರಡರಲ್ಲಿ ಅಡಿಗೆ 12 ಅಂಗುಲದ ಸ್ವೀಡನ್ ಲೆಕ್ಕ, ಎರಡರಲ್ಲಿ 11 ಅಂಗುಲದ ಆಮ್‌ಸ್ಟರ್‌ಡ್ಯಾಂ ಲೆಕ್ಕ. ಒಂದೇ ಹಡಗಿಗೆ ಎರಡು ಅಳತೆ! ಹಡಗಿನ ಎರಡು ಬದಿ ಸಮ ಬಂದಿಲ್ಲ. ನಿಮ್ಮಪ್ಪ ಕೇಳಿದರೆ ಏನಂದಾರು?

333 ವರ್ಷ ನೀರಡಿ ಇದ್ದು 1961ರಲ್ಲಿ ಮೇಲೆ ಬಂತು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಮ್ಮಿ, ಹಾಗಾಗಿ ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. ನಮ್ಮ ಕಡಲಲ್ಲಾಗಿದ್ದರೆ ಒಂದು ಹಲಗೆಯೂ ಉಳಿಯುತ್ತಿರಲಿಲ್ಲ, ಅಲ್ವಾ? ಮೇಲೆತ್ತಿದ ಮೇಲೂ ಮರ ಒಣಗಿ ಬಿರಿಯದಿರಲಿ ಅಂತ ಮೇಣದಂಥ ದ್ರವವನ್ನು 17 ವರ್ಷ ಸಿಂಪಡಿಸಿದರಂತೆ. ಆ ತಾಳ್ಮೆಗೆ ನಾನು ಕೈ ಮುಗಿದೆ.

ಮ್ಯೂಸಿಯಂ ಒಳಗೆ ಮಬ್ಬುಗತ್ತಲು, ತಣ್ಣಗೆ. ಕಪ್ಪು ಮರದ ಗೋಡೆ ತಲೆ ಮೇಲೆ ಎತ್ತರಕ್ಕೆ ಹೋಗುತ್ತದೆ. ನಾಲ್ಕು ಗಂಟೆ ಇದ್ದೆ. ಮರುದಿನ ಮತ್ತೆ ಹೋದೆ.

ಅಲ್ಲಿಂದ ಹೆಲ್ಸಿಂಕಿಗೆ ರಾತ್ರಿ ಹಡಗು. ದ್ವೀಪಗಳ ನಡುವೆ ಗಂಟೆಗಟ್ಟಲೆ ಸಾಗುತ್ತದೆ. ಒಂದೊಂದರ ಮೇಲೆ ಒಂದೊಂದು ಕೆಂಪು ಮನೆ. ಇಲ್ಲಿ ಹೆಲ್ಸಿಂಕಿಯಲ್ಲಿ 'ಓಡಿ' ಅನ್ನೋ ಲೈಬ್ರರಿಯಲ್ಲಿ ಹೊಲಿಗೆ ಮಿಷನ್ನನ್ನೂ ಇಟ್ಟಿದ್ದಾರೆ. ಬ್ಯಾಗಿನ ಹರಿದ ಪಟ್ಟಿಯನ್ನು ನಾನೇ ಹೊಲಿದುಕೊಂಡೆ.

ಜೊತೆಗೆ ಒಂದು ಫೋಟೋ ಕಳಿಸಿದ್ದೇನೆ. ವಾಸಾದ ಕಬ್ಬಿಣದ ಮೊಳೆಗಳೆಲ್ಲ ತುಕ್ಕು ತಿಂದು ಹೋಗಿದ್ದವು. ಹಡಗು ಬಿಚ್ಚಿಹೋಗದಂತೆ ಹಿಡಿದದ್ದು ಮರದ ಗೂಟಗಳು. ಹಲಗೆಯಲ್ಲಿ ದುಂಡಗೆ ಕಾಣುತ್ತಿರೋದು ಅದೇ. ನಿಮ್ಮಪ್ಪನಿಗೆ ದೊಡ್ಡದು ಮಾಡಿ ತೋರಿಸು. ಅವರ ಕಡೆ ಆ ಗೂಟಕ್ಕೆ ಏನಂತಾರೆ ಕೇಳಿ ಬರೆ.

ನಿನ್ನ,
ಅಲೆಮಾರಿ ಗೆಳೆಯ