ಫ್ರೇಜಿಯರ್ ಏಳಲಿಲ್ಲ ಎನ್ನಬೇಡಿ, ಏಳಗೊಡಲಿಲ್ಲ ಎನ್ನಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮನಿಲಾದಲ್ಲಿ ಮೊಹಮ್ಮದ್ ಅಲಿಗೂ ಜೋ ಫ್ರೇಜಿಯರ್‌ಗೂ ನಡೆದ ಬಾಕ್ಸಿಂಗ್ ಪಂದ್ಯಕ್ಕೆ 50 ವರ್ಷ ತುಂಬಿದ ನೆನಪಿಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಿದೆ. ಅರ್ಧ ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಅದರಲ್ಲಿನ ಒಂದು ಸಾಲು ಎರಡು ದಿನ ನನ್ನನ್ನು ಬಿಡಲಿಲ್ಲ. ‘ಹದಿನೈದನೇ ಸುತ್ತಿಗೆ ಫ್ರೇಜಿಯರ್ ಏಳಲೇ ಇಲ್ಲ’ ಎಂದು ಬರೆದಿದ್ದಾರೆ. ಅದು ತಪ್ಪು. ಸುತ್ತುಗಳ ನಡುವೆ ಕೂರುವ ಸ್ಟೂಲಿನಿಂದ ಫ್ರೇಜಿಯರ್ ಏಳಲು ಹೊರಟಿದ್ದರು. ಅವರ ತರಬೇತುದಾರ ಎಡ್ಡಿ ಫಚ್ ಏಳಗೊಡಲಿಲ್ಲ. ತಿದ್ದುಪಡಿಗೆ ಇಷ್ಟು ಸಾಕು. ಆದರೆ ಈ ತಪ್ಪು ನನಗೆ ಯಾಕೆ ಇಷ್ಟು ನೋವು ಕೊಟ್ಟಿತು ಎಂದೂ ಹೇಳಬೇಕು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನಾನು ಚಿಕ್ಕಮಗಳೂರಿನವನು. ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ಕಾರ್ಖಾನೆಯಲ್ಲಿ 34 ವರ್ಷ ದುಡಿದೆ. ಮೊದಲು ಚೀಲ ಹೊತ್ತೆ, ಬೆನ್ನು ಕೈಕೊಟ್ಟ ಮೇಲೆ ತೂಕದ ಹತ್ತಿರ ನಿಂತೆ. ಮನಿಲಾ ಪಂದ್ಯ ನಡೆದ 1975ರಲ್ಲಿ ನನಗೆ 13 ವರ್ಷ. ಮಾರ್ಕೆಟ್ ರಸ್ತೆಯ ಕ್ಷೌರದಂಗಡಿಯಲ್ಲಿ ಕನ್ನಡಿ ಪಕ್ಕ ಅಲಿಯ ಚಿತ್ರ ಅಂಟಿಸಿದ್ದರು. ನಮಗೆಲ್ಲ ಬಾಕ್ಸಿಂಗ್ ಎಂದರೆ ಅಲಿ. ಫ್ರೇಜಿಯರ್ ಎಂದರೆ ಅಲಿಯ ಕೈಲಿ ಹೊಡೆಸಿಕೊಂಡವನು, ಅಷ್ಟೇ.

ಆ ಮನುಷ್ಯನ ಪೂರ್ತಿ ಕಥೆ ತಿಳಿದದ್ದು ಮೊನ್ನೆ ಮೊನ್ನೆ, ಮೊಮ್ಮಗಳಿಂದ. ಮೂರು ವರ್ಷದ ಹಿಂದೆ ಅವಳು ಬಾಕ್ಸಿಂಗ್ ಕಲಿಯುತ್ತೇನೆ ಎಂದು ಹಟ ಹಿಡಿದಳು. ಹೆಣ್ಣುಮಗು, ಮೂಗುಗೀಗು ಮುರಿದುಕೊಂಡರೆ ಏನು ಗತಿ ಎಂದು ಮನೆಯಲ್ಲಿ ಎಲ್ಲರೂ ಬೇಡ ಎಂದರು. ನಾನೊಬ್ಬ ಹೂಂ ಎಂದೆ. ಗುದ್ದುವ ಚೀಲ ಕೊಳ್ಳೋಣವೆಂದು ಅಂಗಡಿಗೆ ಹೋದರೆ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅವತ್ತು ರಾತ್ರಿ ಅವಳು ಮೊಬೈಲ್ ಹಿಡಿದು ಬಂದು, ‘ಅಜ್ಜ, ಇವರ ಹತ್ತಿರವೂ ದುಡ್ಡಿರಲಿಲ್ಲ, ಚೀಲ ತಾವೇ ಮಾಡಿಕೊಂಡರು ನೋಡು’ ಎಂದಳು.

ಫ್ರೇಜಿಯರ್ ಹುಟ್ಟಿದ್ದು 1944ರ ಜನವರಿಯಲ್ಲಿ, ಅಮೆರಿಕದ ಸೌತ್ ಕ್ಯಾರೊಲಿನಾದ ಬ್ಯೂಫರ್ಟ್‌ನಲ್ಲಿ. ಬಡ ರೈತರ ಮನೆ, ಮನೆ ತುಂಬ ಮಕ್ಕಳು. ಅಪ್ಪ ಎಡಗೈ ಕಳೆದುಕೊಂಡಿದ್ದರು. ಆ ಕೈ ಮಾಡಬೇಕಾದ ಕೆಲಸಕ್ಕೆ ಈ ಹುಡುಗನೇ ಪಕ್ಕದಲ್ಲಿ ನಿಲ್ಲಬೇಕಿತ್ತು. ಚಿಕ್ಕಂದಿನಲ್ಲೇ ಒಂದು ಹಳೇ ಗೋಣಿಚೀಲಕ್ಕೆ ಚಿಂದಿಬಟ್ಟೆ, ಜೋಳದ ಬೆಂಡು, ಮರದ ಪಾಚಿ ತುಂಬಿ, ನಡುವೆ ಒಂದು ಇಟ್ಟಿಗೆ ಇಟ್ಟು, ಮರಕ್ಕೆ ನೇತುಹಾಕಿ ದಿನಾ ಗುದ್ದುತ್ತಿದ್ದರಂತೆ.

ಗೋಣಿಚೀಲ ಎಂದ ಕೂಡಲೇ ನನಗೆ ಮೈ ಝುಂ ಎಂದಿತು. ಜೀವಮಾನವೆಲ್ಲ ನನ್ನ ಬೆನ್ನ ಮೇಲಿದ್ದದ್ದು ಅದೇ ಅಲ್ವಾ? ಮಾರನೇ ದಿನವೇ ಎರಡು ಗೋಣಿ ತಂದು ಒಂದರೊಳಗೊಂದು ತೂರಿಸಿದೆ. ಕಾಫಿ ಹೊಟ್ಟು ತುಂಬಿದೆ. ಹೊಟ್ಟು ಬರೀ ಹಗುರ, ಅದಕ್ಕೇ ಹಳೇ ಪಂಚೆಯಲ್ಲಿ ಮರಳು ಕಟ್ಟಿ ನಡುವೆ ಇಟ್ಟೆ. ದಬ್ಬಳಕ್ಕೆ ಹುರಿ ಪೋಣಿಸಿ ಬಾಯಿ ಹೊಲಿದು ಹಿತ್ತಲ ಹಲಸಿನ ಕೊಂಬೆಗೆ ಕಟ್ಟಿದೆ. ಮೊದಲ ಗುದ್ದಿಗೇ ಹೊಟ್ಟಿನ ಧೂಳೆದ್ದು ಮಗು ಸೀನಿದ್ದೇ ಸೀನಿದ್ದು. ಮತ್ತೆ ಬಿಚ್ಚಿ, ಅವರಜ್ಜಿಯ ಎರಡು ಹಳೇ ಸೀರೆ ಒಳಸುತ್ತಿಗೆ ಹಾಕಿ ಹೊಲಿದೆ. ನಮ್ಮೂರ ಮಳೆಗೆ ಅದು ನೀರು ಕುಡಿದು ಕೊಳೆಯುತ್ತದೆಂದು ಜೂನ್‌ನಲ್ಲಿ ಕೊಟ್ಟಿಗೆಯ ತೊಲೆಗೆ ಕಟ್ಟಿದೆ. ಈಗಲೂ ಅಲ್ಲೇ ಇದೆ. ಅವಳ ಕೈ ಬೀಳುವ ಜಾಗದಲ್ಲಿ ಗೋಣಿಯ ನಾರು ಸವೆದು ನುಣುಪಾಗಿದೆ, ಬೆವರಿಗೆ ಕಪ್ಪಾಗಿದೆ.

ಫ್ರೇಜಿಯರ್‌ರ ಎಡಗೈ ವಿಷಯವನ್ನೂ ನಿಮ್ಮ ಲೇಖನ ಬಿಟ್ಟಿದೆ. ಹುಡುಗನಾಗಿದ್ದಾಗ ಹಂದಿ ಅಟ್ಟಿಸಿಕೊಂಡು ಬಂತು. ಓಡುವಾಗ ಬಿದ್ದು ಎಡಗೈಗೆ ಬಲವಾದ ಪೆಟ್ಟಾಯಿತು. ಡಾಕ್ಟರಿಗೆ ಕೊಡಲು ದುಡ್ಡಿಲ್ಲ. ಕೈ ತಾನಾಗೇ ವಾಸಿಯಾಯಿತು, ಆದರೆ ಮತ್ತೆಂದೂ ಪೂರ್ತಿ ನೇರವಾಗಲಿಲ್ಲ. ಪಕ್ಕದಿಂದ ಬೀಸಿ ಹೊಡೆಯುವ ಹುಕ್ ಏಟಿಗೆ ಮೊಣಕೈ ಬಾಗಿರಬೇಕು. ಇವರದ್ದು ಬಾಗಿಯೇ ಇತ್ತು. ಮುಂದೆ ಜಗತ್ತೇ ಹೆದರಿದ ಎಡಗೈ ಹುಕ್ ಅದೇ ಕೈಯದ್ದು.

ಹದಿಹರೆಯದಲ್ಲೇ ಊರು ಬಿಟ್ಟು ಫಿಲಡೆಲ್ಫಿಯಾ ಸೇರಿ ಕಸಾಯಿಖಾನೆಯಲ್ಲಿ ಕೆಲಸಕ್ಕೆ ನಿಂತರು. ಜಿಮ್‌ಗೆ ಮೊದಲು ಹೋದದ್ದು ಮೈ ಇಳಿಸಲಿಕ್ಕೆ. 1964ರ ಟೋಕಿಯೊ ಒಲಿಂಪಿಕ್ಸ್ ಆಯ್ಕೆಯಲ್ಲಿ ಬಸ್ಟರ್ ಮ್ಯಾಥಿಸ್ ಎದುರು ಸೋತಿದ್ದರು. ಮ್ಯಾಥಿಸ್ ಕೈಗೆ ಪೆಟ್ಟಾಗಿ ಇವರಿಗೆ ಅವಕಾಶ ಸಿಕ್ಕಿತು. ಸೆಮಿಫೈನಲ್‌ನಲ್ಲಿ ಎಡಗೈ ಹೆಬ್ಬೆರಳು ಮುರಿಯಿತು. ಆ ಕೈಯಲ್ಲೇ ಫೈನಲ್ ಆಡಿ ಚಿನ್ನ ತಂದರು. 1965ರಲ್ಲಿ ವೃತ್ತಿ ಬಾಕ್ಸಿಂಗ್‌ಗೆ ಇಳಿದರು. 1970ರಲ್ಲಿ ಜಿಮ್ಮಿ ಎಲಿಸ್‌ರನ್ನು ಸೋಲಿಸಿ ಹೆವಿವೇಟ್ ವಿಶ್ವ ಚಾಂಪಿಯನ್ ಆದರು. ಆರಡಿಗೂ ಕಮ್ಮಿ ಎತ್ತರ ಅವರದ್ದು. ಬಗ್ಗಿ, ತೂಗಿ, ಏಟು ತಿನ್ನುತ್ತಲೇ ಎದುರಾಳಿಯ ಹೊಟ್ಟೆಯ ಹತ್ತಿರ ನುಗ್ಗುತ್ತಿದ್ದರು.

1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಲಿಗೆ ವೃತ್ತಿ ಜೀವನದ ಮೊದಲ ಸೋಲು ಕೊಟ್ಟವರು ಇವರೇ. ಹದಿನೈದನೇ ಸುತ್ತಿನಲ್ಲಿ ಆ ಎಡಗೈ ಹುಕ್ ಅಲಿಯನ್ನು ನೆಲಕ್ಕೆ ಕೆಡವಿತು. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ವಾಕ್ಯ.

ಇನ್ನೊಂದು ಮಾತು. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಎಂದದ್ದಕ್ಕೆ ಅಲಿಯ ಪಟ್ಟ ಕಿತ್ತುಕೊಂಡು ರಿಂಗಿನಿಂದ ಹೊರಗಿಟ್ಟಿದ್ದಾಗ, ಫ್ರೇಜಿಯರ್ ಅವರಿಗೆ ಹಣ ಕೊಟ್ಟರು, ಮತ್ತೆ ಆಡಲು ಬಿಡಿ ಎಂದು ಪರವಾಗಿ ಮಾತಾಡಿದರು. ಅದೇ ಅಲಿ ಮುಂದೆ ಇವರನ್ನು ಗೊರಿಲ್ಲ ಎಂದು ಊರೆಲ್ಲ ಆಡಿಕೊಂಡರು. 2001ರಲ್ಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಿದರು, ನಿಜ. ಅಲಿ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಆದರೆ ಹಸಿದಾಗ ಊಟ ಹಾಕಿದವರನ್ನು ಹಾಗೆ ಅನ್ನಬಾರದಿತ್ತು.

ಈಗ ಮನಿಲಾಕ್ಕೆ ಬರುತ್ತೇನೆ. 1975ರ ಅಕ್ಟೋಬರ್ 1. ಅಮೆರಿಕದ ಟಿವಿಗೆ ಹೊಂದಬೇಕೆಂದು ಬೆಳಿಗ್ಗೆಯೇ ಪಂದ್ಯ ಶುರು ಮಾಡಿದ್ದರು. ಒಳಗೆ ಸುಡು ಸೆಕೆ. ಮೊದಲು ಅಲಿ ಹೊಡೆದರು, ನಡುವಿನ ಸುತ್ತುಗಳಲ್ಲಿ ಫ್ರೇಜಿಯರ್ ಮೇಲೇರಿ ಬಂದರು. ಕೊನೆಕೊನೆಗೆ ಫ್ರೇಜಿಯರ್‌ರ ಬಲಗಣ್ಣು ಊದಿ ಮುಚ್ಚಿಕೊಂಡಿತು. ಎಡಗಣ್ಣಿನ ದೃಷ್ಟಿ ಮೊದಲೇ ಮಂದ. ಅದನ್ನು ಅವರು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡೇ ಆಡಿದವರು. ಅಂದರೆ ಹದಿನಾಲ್ಕನೇ ಸುತ್ತಿನಲ್ಲಿ ಬರುವ ಏಟು ಅವರಿಗೆ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಆದರೂ ಮುಂದಕ್ಕೇ ಹೋಗುತ್ತಿದ್ದರು.

ಉಳಿದದ್ದು ಒಂದೇ ಸುತ್ತು, ಮೂರು ನಿಮಿಷ. ಎಡ್ಡಿ ಫಚ್ ಸಾಕು ಎಂದರು. ಫ್ರೇಜಿಯರ್ ಬೇಡ, ನಿಲ್ಲಿಸಬೇಡಿ ಎಂದು ಏಳಲು ನೋಡಿದರು. ಫಚ್ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಇವತ್ತು ನೀನು ಇಲ್ಲಿ ಮಾಡಿದ್ದನ್ನು ಯಾರೂ ಮರೆಯುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ರಿಂಗಿನಲ್ಲಿ ಏಟು ತಿಂದು ಜೀವ ಬಿಟ್ಟವರನ್ನು ಕಂಡಿದ್ದ ಮನುಷ್ಯ ಅವರು. ಗೆದ್ದ ಅಲಿಯೂ ಎದ್ದು ನಿಂತು ಕೈಯೆತ್ತಿದವರು ಅಲ್ಲೇ ಕುಸಿದರು. ಸಾವಿಗೆ ಇದಕ್ಕಿಂತ ಹತ್ತಿರ ಹೋಗಿರಲಿಲ್ಲ ಎಂದು ಆಮೇಲೆ ಅವರೇ ಹೇಳಿಕೊಂಡರು.

ಕಳೆದ ವರ್ಷದವರೆಗೆ ನನಗೆ ಫಚ್ ಮೇಲೆ ಸಿಟ್ಟಿತ್ತು. ಇನ್ನು ಮೂರೇ ನಿಮಿಷ ಅಲ್ವಾ, ಬಿಡಬಹುದಿತ್ತು ಎಂದು ಮೊಮ್ಮಗಳ ಹತ್ತಿರ ವಾದ ಮಾಡುತ್ತಿದ್ದೆ.

ಕಳೆದ ವರ್ಷ ಹೊರ ಜಿಲ್ಲೆಯಲ್ಲಿ ಅವಳ ಪಂದ್ಯವಿತ್ತು. ಎದುರಿನ ಹುಡುಗಿ ಎತ್ತರ, ಕೈ ಉದ್ದ. ಎರಡನೇ ಸುತ್ತಿನಲ್ಲಿ ಪೆಟ್ಟು ಜೋರಾಗಿ ಬಿತ್ತೆಂದು ರೆಫರಿ ಇವಳನ್ನು ನಿಲ್ಲಿಸಿ, ಸುಧಾರಿಸಿಕೊಳ್ಳಲಿ ಎಂದು ಎಂಟರವರೆಗೆ ಎಣಿಸಿದರು. ಮೂರನೇ ಸುತ್ತಿನಲ್ಲಿ ಮತ್ತೆ ಎಣಿಸಿದರು. ಮೂಗಿನ ರಕ್ತ ಬನಿಯನ್ ಮೇಲೆ ಇಳಿದಿತ್ತು. ನಾನು ಕಟಕಟೆ ಹಿಡಿದುಕೊಂಡು, ‘ಬಿಡಬೇಡ ಮಗಾ, ಇನ್ನೊಂದೇ ನಿಮಿಷ’ ಎಂದು ಕೂಗುತ್ತಿದ್ದೆ. ಅವಳ ಕೋಚ್ ಪಂದ್ಯ ಸಾಕೆಂದು ರಿಂಗಿನೊಳಗೆ ಟವೆಲ್ ಎಸೆದುಬಿಟ್ಟರು. ನಾನು ಎಲ್ಲರೆದುರು ಅವರ ಮೇಲೆ ಹರಿಹಾಯ್ದೆ. ಅವರು ನನಗೆ ಉತ್ತರ ಕೊಡಲಿಲ್ಲ. ಅವಳ ಮುಂದೆ ಮಂಡಿಯೂರಿ ಕೂತು, ‘ಬೆಳಿಗ್ಗೆ ಏನು ತಿಂದೆ?’ ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ಉಪ್ಪಿಟ್ಟು ತಿಂದಿದ್ದೆವು, ಇಬ್ಬರೂ ಒಂದೇ ಮೇಜಿನಲ್ಲಿ. ಅವಳಿಗೆ ನೆನಪಿರಲಿಲ್ಲ.

ವಾಪಸ್ ಬರುವಾಗ ಕಡೂರು ದಾಟಿದ ಮೇಲೆ, ‘ಅಜ್ಜ, ಎಲ್ಲಿಗೆ ಹೋಗ್ತಿದ್ದೀವಿ?’ ಎಂದಳು. ಮನೆಗೆ ಮಗಾ ಎಂದೆ. ಸಖರಾಯಪಟ್ಟಣದ ಹತ್ತಿರ ಮತ್ತೆ ಅದನ್ನೇ ಕೇಳಿದಳು. ಆ ಬಸ್ಸಿನಲ್ಲಿ ನನ್ನ ಕೈಕಾಲು ತಣ್ಣಗಾದದ್ದು ನನಗೆ ಮಾತ್ರ ಗೊತ್ತು. ತಲೆಗೆ ಬಿದ್ದ ಏಟಿಗೆ ಮಿದುಳು ಅಲುಗಾಡಿದೆ, ಇನ್ನೂ ಎರಡು ಏಟು ಬಿದ್ದಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ವಾರಗಟ್ಟಲೆ ಓದು, ಮೊಬೈಲ್, ಅಭ್ಯಾಸ ಎಲ್ಲ ಬಂದ್. ದೇವರ ದಯೆ, ಪೂರ್ತಿ ಹುಷಾರಾದಳು. ನಾನು ಕೋಚ್ ಮನೆ ಹುಡುಕಿಕೊಂಡು ಹೋಗಿ ಕೈಮುಗಿದು ಬಂದೆ.

ಆ ಪಂದ್ಯದ ವರದಿ ಒಂದು ಪತ್ರಿಕೆಯಲ್ಲಿ ಬಂತು, ಎರಡೇ ಸಾಲು. ಅವಳ ಹೆಸರಿನ ಮುಂದೆ ‘ಅರ್ಧಕ್ಕೇ ಕೈಚೆಲ್ಲಿದರು’ ಎಂದಿತ್ತು. ಕೈಚೆಲ್ಲಿದ್ದು ಯಾರು ಸ್ವಾಮಿ? ಎರಡು ಸಲ ಎಣಿಸಿದ ಮೇಲೂ ಮುಷ್ಟಿ ಎತ್ತಿ ನಿಂತ ಮಗು ಅದು. ಆ ತುಂಡನ್ನು ಅವಳು ಕತ್ತರಿಸಿ ಜೀವಶಾಸ್ತ್ರದ ಪುಸ್ತಕದೊಳಗೆ ಇಟ್ಟಿದ್ದಾಳೆ. ಯಾಕೆ ಎಂದರೆ ಹೇಳುವುದಿಲ್ಲ. ನಿಮ್ಮ ಲೇಖನದಲ್ಲಿ ‘ಏಳಲೇ ಇಲ್ಲ’ ಎಂಬುದನ್ನು ಓದಿದಾಗ ನನ್ನ ಕಣ್ಣಿಗೆ ಬಂದದ್ದು ಆ ತುಂಡು.

ಫ್ರೇಜಿಯರ್ 37 ಪಂದ್ಯ ಆಡಿ 32 ಗೆದ್ದರು. ಒಂದು ಡ್ರಾ ಆಯಿತು, ಸೋತದ್ದು ನಾಲ್ಕೇ. ಎರಡು ಅಲಿಗೆ, ಎರಡು ಜಾರ್ಜ್ ಫೋರ್‌ಮನ್‌ಗೆ. ಫಿಲಡೆಲ್ಫಿಯಾದಲ್ಲಿ ತಮ್ಮ ಜಿಮ್ ನಡೆಸುತ್ತ, ಅದರ ಮಹಡಿಯಲ್ಲೇ ವಾಸವಿದ್ದು ಹುಡುಗರಿಗೆ ಕಲಿಸಿದರು. ಮಗಳು ಜಾಕಿ ವಕೀಲೆಯಾಗಿದ್ದು, 2001ರಲ್ಲಿ ಅಲಿಯ ಮಗಳು ಲೈಲಾ ಎದುರು ಎಂಟು ಸುತ್ತು ಆಡಿ, ಆಮೇಲೆ ನ್ಯಾಯಾಧೀಶೆಯಾದರು. ನಮ್ಮ ಮನೆಯಲ್ಲಿ ಬೇಡ ಎಂದವರಿಗೆಲ್ಲ ನಾನು ಇದನ್ನೇ ಹೇಳುವುದು. 2011ರ ನವೆಂಬರ್ 7ರಂದು ಪಿತ್ತಜನಕಾಂಗದ ಕ್ಯಾನ್ಸರ್‌ನಿಂದ ಫ್ರೇಜಿಯರ್ ತೀರಿಕೊಂಡರು, 67 ವರ್ಷ. ಅದೇ ಊರಿನಲ್ಲಿ ಸಿನಿಮಾದ ಬಾಕ್ಸರ್ ಒಬ್ಬನಿಗೆ ಎಷ್ಟೋ ವರ್ಷ ಮೊದಲೇ ಪ್ರತಿಮೆ ನಿಲ್ಲಿಸಿದ್ದರು. ನಿಜವಾದ ಚಾಂಪಿಯನ್‌ಗೆ ಪ್ರತಿಮೆ ಸಿಕ್ಕಿದ್ದು 2015ರಲ್ಲಿ, ನೋಡಲು ಅವರೇ ಇಲ್ಲದಾಗ.

ನನ್ನ ಕೋರಿಕೆ ಎರಡು. ಲೇಖನದ ಆ ಸಾಲಿಗೆ ತಿದ್ದುಪಡಿ ಹಾಕಿ, ಅದರಲ್ಲಿ ಎಡ್ಡಿ ಫಚ್ ಹೆಸರೂ ಇರಲಿ. ಹಾಗೇ ನಮ್ಮ ಜಿಲ್ಲೆಯ ಕೂಟಗಳ ವರದಿಯಲ್ಲಿ, ಕೋಚ್ ಅಥವಾ ರೆಫರಿ ಪಂದ್ಯ ನಿಲ್ಲಿಸಿದ್ದರೆ ‘ಪಂದ್ಯ ನಿಲ್ಲಿಸಲಾಯಿತು’ ಎಂದೇ ಬರೆಯಿರಿ. ಜಾಗ ಜಾಸ್ತಿ ಬೇಕಾಗುವುದಿಲ್ಲ.

ಮುಂದಿನ ತಿಂಗಳು ಅವಳು ಮತ್ತೆ ರಿಂಗಿಗೆ ಇಳಿಯುತ್ತಿದ್ದಾಳೆ. ಅಷ್ಟರೊಳಗೆ ನಿಮ್ಮ ತಿದ್ದುಪಡಿ ಬಂದರೆ, ಅದನ್ನೂ ಕತ್ತರಿಸಿ ಆ ಪುಸ್ತಕದೊಳಗೆ ಇಡುತ್ತೇನೆ.

— ನಿವೃತ್ತ ಕಾಫಿ ಕ್ಯೂರಿಂಗ್ ಕಾರ್ಮಿಕ, ಚಿಕ್ಕಮಗಳೂರು